ಹೊಗೆ ಬಂದ ಮಾತ್ರಕ್ಕೆ ಬೋರ್ ಹೋಗಿದೆ ಎನ್ನಬೇಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಈಚೆಗೆ ಬಂದ ಪತ್ರವೊಂದರಲ್ಲಿ, ಶಿವಮೊಗ್ಗ ಜಿಲ್ಲೆಯ ರಸ್ತೆಗಳಲ್ಲಿ ಇನ್ನೂ ಓಡಾಡುತ್ತಿರುವ ಹಳೆಯ ಟು ಸ್ಟ್ರೋಕ್ ಸ್ಕೂಟರ್‌ಗಳು ಹೊಗೆ ಉಗುಳುತ್ತಿವೆ, ಅವನ್ನೆಲ್ಲ ಗುಜರಿಗೆ ಹಾಕಿಸಬೇಕು ಎಂದು ಓದುಗರೊಬ್ಬರು ಬರೆದಿದ್ದರು. ಅವರ ಬೇಸರ ನ್ಯಾಯವಾದದ್ದೇ. ಶಾಲೆಯ ಮಕ್ಕಳು ಬಸ್ಸಿಗೆ ಕಾಯುವ ಜಾಗದಲ್ಲಿ ನೀಲಿ ಹೊಗೆಯ ಮೋಡ ಬಿಟ್ಟು ಹೋಗುವ ಗಾಡಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಆ ಹೊಗೆಗೆ ಕಾರಣ ಗಾಡಿಯ ವಯಸ್ಸು ಎಂದು ಅವರು ತೀರ್ಮಾನಿಸಿದ್ದಾರೆ, ಹಾಗೆಯೇ ಅದಕ್ಕೆ ಕಾರಣ ಸವೆದ ಸಿಲಿಂಡರ್ ಎಂದು ನಮ್ಮ ಅನೇಕ ಗ್ಯಾರೇಜುಗಳೂ ತೀರ್ಮಾನಿಸುತ್ತಿವೆ. ಈ ಎರಡು ತೀರ್ಮಾನಗಳೂ ಬಹಳಷ್ಟು ಸಲ ತಪ್ಪಾಗಿರುತ್ತವೆ ಎಂಬುದನ್ನು ನಾನು ಹಣ ತೆತ್ತು ಕಲಿತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ, ಮುಖ್ಯರಸ್ತೆಯಿಂದ ಒಂದಿಷ್ಟು ಒಳಗೆ ಇದೆ. 1994ರಲ್ಲಿ ನಮ್ಮ ತಂದೆಯವರು ಕೊಂಡ ಸ್ಕೂಟರನ್ನೇ ನಾನು ಇಂದಿಗೂ ಡೈರಿಗೆ ಹಾಲು ಒಯ್ಯಲು, ಪೇಟೆಗೆ ಹೋಗಲು, ಕೊಯ್ಲಿನ ಕಾಲದಲ್ಲಿ ತೋಟದ ಆಳುಗಳಿಗೆ ಊಟ ಸಾಗಿಸಲು ಬಳಸುತ್ತಿದ್ದೇನೆ. ಕಳೆದ ವರ್ಷ ಆರಿದ್ರಾ ಮಳೆ ಹಿಡಿದ ಹೊತ್ತಿಗೆ ಅದು ವಿಪರೀತ ಹೊಗೆ ಬಿಡಲು ತೊಡಗಿತು, ಜೊತೆಗೆ ಕಿಡಿ ತಪ್ಪಿ ಮಿಸ್ ಹೊಡೆಯಲಾರಂಭಿಸಿತು. ಪ್ಲಗ್ ಬಿಚ್ಚಿ ಒರೆಸಿ ಹಾಕಿದರೆ ನಾಲ್ಕೈದು ಕಿಲೋಮೀಟರ್ ಸರಿಯಾಗಿ ಓಡುವುದು, ಮತ್ತೆ ಕೆಮ್ಮುತ್ತ ನಿಲ್ಲುವುದು. ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಸೈಲೆನ್ಸರಿನ ಹೊಗೆಯನ್ನು ನೋಡಿದವರೇ, ಒಂದು ಸ್ಕ್ರೂ ಸಹ ಬಿಚ್ಚದೆ, ಬೋರ್ ಹೋಗಿದೆ, ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದೆ ಎಂದರು. ಸಿಲಿಂಡರ್ ಬೋರ್ ಮಾಡಿಸಿ, ಅಂದರೆ ಆ ಗೋಡೆಯನ್ನು ಕೊರೆಸಿ, ಹೊಸ ಪಿಸ್ಟನ್, ಹೊಸ ರಿಂಗು ಹಾಕಿದರು. ಒಂಬತ್ತು ದಿನ ಗಾಡಿ ಅಲ್ಲೇ ಇತ್ತು. ತಂದ ಮೊದಲ ದಿನವೂ ಹೊಗೆ ಹಾಗೆಯೇ ಬಂದಾಗ, ಹೊಸ ಬೋರಾದ್ದರಿಂದ ಆಯಿಲ್ ಹೆಚ್ಚಿಗೆ ಹಾಕಿದ್ದೇವೆ, ಸಾವಿರ ಕಿಲೋಮೀಟರ್ ಓಡಿದ ಮೇಲೆ ನಿಲ್ಲುತ್ತದೆ ಎಂಬ ಸಮಾಧಾನ ದೊರೆಯಿತು. ಸಾವಿರ ಕಿಲೋಮೀಟರ್ ಓಡಿದ ಮೇಲೂ ಹೊಗೆ ನಿಲ್ಲಲಿಲ್ಲ.

ಕೊನೆಗೆ ಪರಿಚಿತರ ಮಾತು ಕೇಳಿ ಶಿವಮೊಗ್ಗದಲ್ಲಿ ಹಿಂದಿನಿಂದಲೂ ಸ್ಕೂಟರ್ ಕೆಲಸವನ್ನೇ ಮಾಡಿಕೊಂಡು ಬಂದ ಹಿರಿಯ ಮೇಸ್ತ್ರಿಯೊಬ್ಬರಲ್ಲಿಗೆ ಗಾಡಿ ಒಯ್ದೆ. ತುಂಗೆಯ ದಡದ ಆ ಅರವತ್ತು ಕಿಲೋಮೀಟರ್ ದಾರಿಯಲ್ಲಿ ಮಂಡಗದ್ದೆಯಲ್ಲಿ ಒಮ್ಮೆ, ಗಾಜನೂರು ದಾಟಿದ ಮೇಲೆ ಇನ್ನೊಮ್ಮೆ ಪ್ಲಗ್ ಬದಲಿಸಬೇಕಾಯಿತು. ಮೇಸ್ತ್ರಿಗಳು ಹೊಗೆಯ ಕಡೆ ನೋಡಲೇ ಇಲ್ಲ. "ಗೌಡ್ರೇ, ಬೋರ್ ಕತೆ ಆಮೇಲೆ ಹೇಳುವಿರಂತೆ. ಗೇರ್ ಆಯಿಲ್ ಯಾವಾಗ ಹಾಕಿದ್ರಿ, ಎಷ್ಟು ಹಾಕಿದ್ರಿ, ಅದನ್ನು ಮೊದಲು ಹೇಳಿ" ಎಂದರು. ಬೋರ್ ಮಾಡಿಸಿದಾಗ ಕಾಲು ಲೀಟರ್ ಹೊಸ ಆಯಿಲ್ ಹಾಕಿದ್ದರು ಎಂದೆ. ಅವರು ಎಂಜಿನ್ನಿನ ಕೆಳಗಿನ ಬೋಲ್ಟ್ ಬಿಚ್ಚಿ, ಬಿದ್ದಷ್ಟನ್ನೂ ಗೆರೆ ಹಾಕಿದ ಪ್ಲಾಸ್ಟಿಕ್ ಅಳತೆ ಲೋಟಕ್ಕೆ ಹಿಡಿದು ನನ್ನ ಕಣ್ಣ ಮುಂದೆ ಇಟ್ಟರು. ನೂರು ಮಿಲಿಲೀಟರ್ ಗೆರೆಯನ್ನೂ ಅದು ಮುಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಸ್ಕೂಟರ್ ನಿಲ್ಲಿಸುವ ಜಾಗ ಗಾರೆ ನೆಲ, ದಿನವೂ ಗುಡಿಸುವಂಥದು. ಅಲ್ಲಿ ಆಯಿಲ್ಲಿನ ಒಂದು ಹನಿಯ ಕಲೆಯನ್ನೂ ನಾನು ಕಂಡಿರಲಿಲ್ಲ. ಹಾಗಾದರೆ ಉಳಿದ ನೂರೈವತ್ತು ಮಿಲಿ ಎಲ್ಲಿಗೆ ಹೋಯಿತು? ಅದೇ ಸೈಲೆನ್ಸರಿನಲ್ಲಿ ಹೊಗೆಯಾಗಿ ಹೋಗಿತ್ತು.

ಇದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ತಪ್ಪಿನ ಬೇರು ಇಲ್ಲಿದೆ. ಈಗಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಡೆ ಆಯಿಲ್ ತುಂಬಿರುತ್ತದೆ. ರಿಂಗು, ಬೋರು ಸವೆದರೆ ಆ ಆಯಿಲ್ ಮೇಲೇರಿ ಉರಿದು ನೀಲಿ ಹೊಗೆ ಬರುತ್ತದೆ. ಆದ್ದರಿಂದ ಅಲ್ಲಿ ಹೊಗೆ ಕಂಡರೆ ಬೋರನ್ನು ಅನುಮಾನಿಸುವುದು ಸರಿಯಾದ ಕ್ರಮವೇ. ಟು ಸ್ಟ್ರೋಕ್ ಎಂಜಿನ್ನಿನ ರೀತಿ ಬೇರೆ. ಅದರಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಆಯಿಲ್ ತುಂಬಿರುವುದಿಲ್ಲ. ಪಿಸ್ಟನ್ ಮೇಲೇರುವಾಗ ಆ ಕೋಣೆ ಕಾರ್ಬೊರೇಟರಿನಿಂದ ಗಾಳಿ, ಪೆಟ್ರೋಲ್ ಮತ್ತು ಅದರಲ್ಲಿ ಬೆರೆತ, ಟು ಸ್ಟ್ರೋಕಿಗೆಂದೇ ಇರುವ ಟೂ ಟಿ ಆಯಿಲ್ಲನ್ನು ಒಳಗೆ ಎಳೆದುಕೊಳ್ಳುತ್ತದೆ, ಪಿಸ್ಟನ್ ಇಳಿಯುವಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಹೀಗೆ ಎಳೆಯುವ, ಒತ್ತುವ ಕೆಲಸ ನಡೆಯಬೇಕಾದರೆ ಆ ಕೋಣೆ ಎಲ್ಲೂ ಸೋರದಂತೆ ಬಿಗಿಯಾಗಿರಬೇಕು. ಕ್ರ್ಯಾಂಕಿನ ಎರಡು ತುದಿಗಳಲ್ಲಿ ಅದನ್ನು ಬಿಗಿಯಾಗಿಡುವವು ಎರಡು ರಬ್ಬರಿನ ಆಯಿಲ್ ಸೀಲ್‌ಗಳು. ಒಂದು ಕಿಡಿಗೆ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೋ ಕಡೆಗೆ, ಇನ್ನೊಂದು ಕ್ಲಚ್ಚಿನ ಕಡೆಗೆ. ಕ್ಲಚ್ಚಿನ ಕಡೆಯ ಸೀಲ್ ಸತ್ತರೆ ಪಿಸ್ಟನ್ ಮೇಲೇರಿದಾಗಲೆಲ್ಲ ಪಕ್ಕದ ಗೇರ್ ಪೆಟ್ಟಿಗೆಯಿಂದ ಆಯಿಲ್ ಎಳೆಯಲ್ಪಟ್ಟು ಉರಿಯಲು ಹೋಗುತ್ತದೆ. ದಟ್ಟ ಹೊಗೆ ಬರುವುದು ಇದರಿಂದ, ಪ್ಲಗ್ ತೊಯ್ದು ಮಿಸ್ ಹೊಡೆಯುವುದೂ ಇದರಿಂದಲೇ. ನಮ್ಮ ಕಡೆಯ ರಸ್ತೆಗಳಲ್ಲಿ ಇದಕ್ಕೊಂದು ಸ್ಪಷ್ಟ ಗುರುತಿದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಉದ್ದನೆಯ ಇಳಿಜಾರು ಇಳಿದು, ಕೆಳಗಿನ ಸೇತುವೆಯ ಬಳಿ ಮತ್ತೆ ಆಕ್ಸಿಲರೇಟರ್ ತಿರುವಿದ ಕ್ಷಣ ಹಿಂದಿನ ರಸ್ತೆಯೇ ಕಾಣದಷ್ಟು ಹೊಗೆ ಎದ್ದರೆ, ಇಳಿಯುವಷ್ಟು ಹೊತ್ತೂ ಎಂಜಿನ್ ಗೇರ್ ಆಯಿಲ್ಲನ್ನು ಹೀರುತ್ತಿತ್ತು ಎಂದೇ ಅರ್ಥ.

ಮೇಸ್ತ್ರಿಗಳು ಎಂಜಿನ್ ಇಳಿಸಿ ಎರಡು ಹೋಳು ಮಾಡಿ ತೆಗೆದ ಆ ಹಳೆಯ ಸೀಲನ್ನು ನನ್ನ ಕೈಗೆ ಕೊಟ್ಟರು. ಶಾಫ್ಟನ್ನು ಅಪ್ಪಿ ಹಿಡಿಯಬೇಕಾದ ಅದರ ಒಳ ಅಂಚು ಉಗುರಿನಿಂದ ಒತ್ತಿದರೂ ಬಗ್ಗದೆ, ತೆಂಗಿನ ಚಿಪ್ಪಿನಂತೆ ಗಡುಸಾಗಿತ್ತು. ಒಂದು ಕಡೆ ಕೂದಲೆಳೆಯಷ್ಟು ಸೀಳಿತ್ತು. ಹೊಸ ಸೀಲಿನ ಅಂಚು ಕಿವಿಯ ಹಾಲೆಯಷ್ಟು ಮೆದು. ಸೀಲಿಗೆ ಕೊಟ್ಟ ಬೆಲೆ ಒಂದು ಕೆಜಿ ಅಡಿಕೆಯ ಬೆಲೆಗಿಂತ ಕಡಿಮೆ. ಎಂಜಿನ್ ಬಿಚ್ಚಿ ಜೋಡಿಸುವ ಕೂಲಿಯೇ ಹೆಚ್ಚು, ಅದು ನ್ಯಾಯವಾದ ಕೂಲಿ. ಬೋರ್ ಮಾಡಿಸಿದ ಗ್ಯಾರೇಜಿನವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರು ಫೋರ್ ಸ್ಟ್ರೋಕಿನ ನಿಯಮವನ್ನು ಟು ಸ್ಟ್ರೋಕಿಗೆ ಹಚ್ಚಿದರು. 1972ರಲ್ಲಿ ಮಾರುಕಟ್ಟೆಗೆ ಬಂದ ಬಜಾಜ್ ಚೇತಕ್ ಎಂಬ ಟು ಸ್ಟ್ರೋಕ್ ಸ್ಕೂಟರಿನ ಹೆಸರು ಈಗ ಬ್ಯಾಟರಿ ಸ್ಕೂಟರಿಗೆ ಬಂದಿದೆ. ಇಂದು ಸ್ಪ್ಯಾನರ್ ಹಿಡಿಯುವ ಹುಡುಗರು ಟು ಸ್ಟ್ರೋಕ್ ಎಂಜಿನ್ ಬಿಚ್ಚಿ ನೋಡುವ ಅವಕಾಶವೇ ವಿರಳ. ಆದರೆ ಆ ತಪ್ಪಿನಿಂದ ಆಗುವ ನಷ್ಟ ಹಣದ್ದು ಮಾತ್ರವಲ್ಲ. ಪ್ರತಿ ಬೋರಿನಲ್ಲೂ ಸಿಲಿಂಡರಿನ ಗೋಡೆಯಿಂದ ಒಂದಿಷ್ಟು ಲೋಹ ಹೋಗುತ್ತದೆ, ನಾಲ್ಕೈದು ಬೋರಿಗೆ ಅದರ ಆಯುಸ್ಸೇ ಮುಗಿಯುತ್ತದೆ. ನನ್ನ ಸ್ಕೂಟರಿನ ಆಯುಸ್ಸಿನಲ್ಲಿ ಒಂದು ಪಾಲು ಹೀಗೆ ವ್ಯರ್ಥವಾಗಿ ಹೋಯಿತು ಎಂಬ ಕೊರಗು ನನಗೆ ಇಂದಿಗೂ ಇದೆ.

ಬೋರ್ ನಿಜವಾಗಿ ಸವೆದದ್ದನ್ನು ತಿಳಿಯಲು ಬೇರೆ ಗುರುತುಗಳಿವೆ. ಇಗ್ನಿಷನ್ ಬಂದ್ ಮಾಡಿ, ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿದಾಗ ನಡುವೆ ಗಟ್ಟಿಯಾದ ತಡೆ ಸಿಗಬೇಕು. ತಡೆಯಿಲ್ಲದೆ ಸಲೀಸಾಗಿ ಇಳಿದುಹೋದರೆ, ಬಿಸಿಯಾದ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಹಟ ಮಾಡಿದರೆ, ಸಣ್ಣ ಏರಿನಲ್ಲೂ ಎಳೆತ ಸಾಲದೆ ಗೇರ್ ಇಳಿಸಬೇಕಾಗಿ ಬಂದರೆ, ಆಗ ಹೆಡ್ ಬಿಚ್ಚಿ ನೋಡುವ ಮಾತಾಡಬಹುದು.

ಸೀಲಿಗೂ ಮೊದಲು ನೋಡಬೇಕಾದದ್ದು ಪೆಟ್ರೋಲಿಗೆ ನಾವೇ ಬೆರೆಸುವ ಆಯಿಲ್. ಈ ಸ್ಕೂಟರ್‌ಗಳಿಗೆ ಶೇ 2ರಷ್ಟು, ಅಂದರೆ ಲೀಟರಿಗೆ 20 ಮಿಲಿ ಸಾಕು. ಐದು ಲೀಟರಿಗೆ 100 ಮಿಲಿ. ಎಂಜಿನ್ನಿಗೆ ಒಳ್ಳೆಯದಾಗಲಿ, ಒಂದು ಕೈ ಹೆಚ್ಚೇ ಇರಲಿ ಎಂದು ಕಣ್ಣಳತೆಯಲ್ಲಿ ಸುರಿಯುವವರು ನಮ್ಮಲ್ಲಿ ಬಹಳ. ಹೆಚ್ಚಾದ ಆಯಿಲ್ ಪ್ಲಗ್ಗಿಗೆ, ಪಿಸ್ಟನ್ನಿನ ತಲೆಗೆ, ಸೈಲೆನ್ಸರಿನ ಒಳಮೈಗೆ ಕರಿಯಾಗಿ ಅಂಟುತ್ತದೆ. ಆಯಿಲ್ ಹೆಚ್ಚಿದಷ್ಟೂ ಕಾರ್ಬೊರೇಟರಿನ ಸಣ್ಣ ತೂತಾದ ಜೆಟ್ಟಿನಿಂದ ಬರುವ ಅದೇ ಹನಿಯಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ ಎಂಬುದನ್ನೂ ಅವರು ಗಮನಿಸಬೇಕು. ಫೋರ್ ಸ್ಟ್ರೋಕ್ ಎಂಜಿನ್ ಆಯಿಲ್ಲನ್ನೋ ಹೆಸರಿಲ್ಲದ ಬಿಡಿ ಆಯಿಲ್ಲನ್ನೋ ಬೆರೆಸುವುದು ಇನ್ನೂ ಕೆಟ್ಟದ್ದು. ಟೂ ಟಿ ಡಬ್ಬಿಯ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದು ಇದ್ದರೆ ಅದು ಕಡಿಮೆ ಹೊಗೆಯ ದರ್ಜೆಯ ಆಯಿಲ್ ಎಂದು ತಿಳಿಯಬೇಕು. ಟ್ಯಾಂಕಿಗೆ ಪೆಟ್ರೋಲ್ ತುಂಬಿಸಿದ ಮೇಲೆ ಆಯಿಲ್ ಸುರಿದು ಹಾಗೆಯೇ ಹೊರಟರೆ ಅದು ತಳಕ್ಕಿಳಿದು, ಮೊದಲು ಬರಿಯ ಆಯಿಲ್ಲೇ ಕಾರ್ಬೊರೇಟರಿಗೆ ಹೋಗುತ್ತದೆ. ಹಿಂದೆ ಬಂಕಿನಿಂದ ಹೊರಡುವ ಮುನ್ನ ಎಲ್ಲರೂ ಸ್ಕೂಟರನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸುತ್ತಿದ್ದುದು ಇದೇ ಕಾರಣಕ್ಕೆ. ಮನೆ ನೂರು ಗಜ ಇರುವಾಗಲೇ ಪೆಟ್ರೋಲ್ ಟ್ಯಾಪ್ ಬಂದ್ ಮಾಡುವ ಹಳೆಯ ರೂಢಿಗೂ ಅರ್ಥವಿತ್ತು. ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟಿನ ಸೂಜಿ ಸವೆದಿದ್ದರೆ ತೆರೆದ ಟ್ಯಾಪಿನಿಂದ ರಾತ್ರಿಯಿಡೀ ಪೆಟ್ರೋಲ್ ತೊಟ್ಟಿಕ್ಕಿ ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ. ಪೆಟ್ರೋಲ್ ಆರಿ, ಆಯಿಲ್ ಉಳಿದು, ಬೆಳಿಗ್ಗೆ ಕೇರಿಯೆಲ್ಲ ಹೊಗೆಯಾಗುತ್ತದೆ.

ಮಿಸ್ ಹೊಡೆಯುವ ವಿಷಯದಲ್ಲಿ ಪ್ಲಗ್ ಸುಳ್ಳು ಹೇಳುವುದಿಲ್ಲ. ಸ್ವಲ್ಪ ದೂರ ಒಳ್ಳೆಯ ವೇಗದಲ್ಲಿ ಓಡಿಸಿ, ಥಟ್ಟನೆ ಎಂಜಿನ್ ಬಂದ್ ಮಾಡಿ, ಪ್ಲಗ್ ಬಿಚ್ಚಿ ನೋಡಬೇಕು. ತುದಿ ಕಾಫಿ ಪುಡಿಯ ತಿಳಿಗಂದು ಬಣ್ಣಕ್ಕಿದ್ದರೆ ಉರಿಯುವಿಕೆ ಸರಿಯಾಗಿದೆ. ಒಣ ಕಾಡಿಗೆಯಂಥ ಕಪ್ಪು ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಆಗ ಸಿಕ್ಕಿಕೊಂಡ ಚೋಕನ್ನೂ ಕಟ್ಟಿಕೊಂಡ ಏರ್ ಫಿಲ್ಟರನ್ನೂ ನೋಡಬೇಕು. ಒದ್ದೆಯಾದ ಜಿಡ್ಡುಗಪ್ಪು ಆಯಿಲ್ಲಿನ ಗುರುತು. ಸುಣ್ಣದಂತೆ ಬಿಳುಚಿದ್ದರೆ ಎಂಜಿನ್ ಎಲ್ಲಿಂದಲೋ ಹೆಚ್ಚುವರಿ ಗಾಳಿ ಎಳೆಯುತ್ತಿದೆ. ಮ್ಯಾಗ್ನೆಟೋ ಕಡೆಯ ಸೀಲ್ ಹೋದಾಗ ಆಗುವುದು ಹೀಗೆಯೇ, ಜೊತೆಗೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯುವುದಿಲ್ಲ. ಅದನ್ನು ಅಲಕ್ಷಿಸಿ ಘಟ್ಟ ಹತ್ತಿಸಿದರೆ ಪಿಸ್ಟನ್ ಜಾಮ್ ಆಗುವುದು ಖಂಡಿತ. ಪ್ಲಗ್ಗಿನ ಗ್ಯಾಪ್ 0.6 ಮಿಲಿಮೀಟರ್, ಕಿಡಿಯ ವಿದ್ಯುತ್ತನ್ನು ಕಡಿದು ಬಿಡುವ ಪಾಯಿಂಟ್ ಇರುವ ಹಳೆಯ ಗಾಡಿಗಳಲ್ಲಿ ಪಾಯಿಂಟಿನ ಗ್ಯಾಪ್ 0.3ರಿಂದ 0.5 ಮಿಲಿಮೀಟರ್ ಇರಬೇಕು. ತಣ್ಣಗಿದ್ದಾಗ ಸೊಗಸಾಗಿ ಓಡಿ, ಹತ್ತು ಕಿಲೋಮೀಟರ್ ಆದ ಮೇಲೆ ಮಿಸ್ ಹೊಡೆದು ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದಂತೆ ಹೊರಡುವ ಗಾಡಿಯಲ್ಲಿ ಕಿಡಿ ಹುಟ್ಟಿಸುವ ಭಾಗಗಳಾದ ಕಂಡೆನ್ಸರನ್ನೋ ಕಾಯಿಲ್ಲನ್ನೋ ಅನುಮಾನಿಸಬೇಕು. ಅಂಥದೇ ಲಕ್ಷಣ ತೋರುವ ಇನ್ನೊಂದು ಅತಿ ಸಣ್ಣ ಕಾರಣವೂ ಉಂಟು. ಟ್ಯಾಂಕಿನ ಮುಚ್ಚಳದ ಗಾಳಿತೂತು ಮುಚ್ಚಿಹೋದರೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ, ಮುಚ್ಚಳ ತೆರೆದ ಕೂಡಲೇ ಗಾಡಿ ಸರಿಯಾಗುತ್ತದೆ. ಒಂದು ಬೇಸಿಗೆಯಲ್ಲಿ ನಮ್ಮ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದ ಸ್ಕೂಟರಿನ ಆ ತೂತಿಗೆ ಕಣಜವೊಂದು ಅಚ್ಚುಕಟ್ಟಾಗಿ ಮಣ್ಣು ಮೆತ್ತಿತ್ತು. ಎರಡು ದಿನ ಕಾರ್ಬೊರೇಟರ್ ಬಿಚ್ಚಿ ಬಿಚ್ಚಿ ತೊಳೆದ ಮೇಲೆ ಅದು ಕಣ್ಣಿಗೆ ಬಿತ್ತು.

ಮಳೆಗಾಲದ ತೊಂದರೆಗಳು ನಮ್ಮವೇ. ಪ್ಲಗ್ ಕ್ಯಾಪಿನ ರಬ್ಬರ್ ಬಿರಿದಿದ್ದರೆ ತೇವ ಒಳಹೊಕ್ಕು ಕಿಡಿ ದಾರಿ ತಪ್ಪುತ್ತದೆ. ಕತ್ತಲಲ್ಲಿ ಎಂಜಿನ್ ಓಡುತ್ತಿರುವಾಗ ನೋಡಿದರೆ ವೈರಿನ ಮೇಲೆ ಸಣ್ಣ ನೀಲಿ ಕಿಡಿಗಳು ಹರಿದಾಡುವುದು ಕಾಣುತ್ತದೆ. ಅದಕ್ಕಿಂತ ಗಂಭೀರವಾದದ್ದು ಈಗಿನ ಪೆಟ್ರೋಲ್. ಅದರಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿದೆ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಪುಷ್ಯ, ಆಶ್ಲೇಷ ಮಳೆಗಳ ಕಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ನೀರೂ ಎಥನಾಲೂ ಒಟ್ಟಾಗಿ ತಳಕ್ಕೆ ಇಳಿಯಬಹುದು. ಟ್ಯಾಪಿನಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ ಹೊತ್ತು ಬಿಟ್ಟು ನೋಡಿದರೆ ಅಡಿಯಲ್ಲಿ ಬೇರೆ ಪದರ ಕಾಣುತ್ತದೆ. ಅದನ್ನು ಚೆಲ್ಲದೆ ಎಷ್ಟು ಕಿಕ್ ಹೊಡೆದರೂ ಪ್ರಯೋಜನವಿಲ್ಲ. ಹಳೆಯ ಗಾಡಿಗಳ ಪೈಪು, ವಾಷರುಗಳ ರಬ್ಬರ್ ಇಷ್ಟು ಎಥನಾಲನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದಲ್ಲ ಎಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಸರಿಯಿದ್ದೂ ಎಳೆತವಿಲ್ಲದಿದ್ದರೆ ಸೈಲೆನ್ಸರ್ ಕಟ್ಟಿದೆ. ಬಿಚ್ಚಿ, ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ತುಂಬಿಸಿ ಒಂದು ರಾತ್ರಿ ಇಟ್ಟು ತೊಳೆದರೆ ಸಾಕು. ಆದರೆ ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಸುರಿಯಬಾರದು, ಕೈಗೂ ಕಣ್ಣಿಗೂ ರಕ್ಷಣೆ ಇರಬೇಕು. ಸಿಲಿಂಡರಿನ ಹೊಗೆಬಾಯಿಯ ಕರಿಯನ್ನು ಸ್ಕ್ರೂ ಡ್ರೈವರಿನಿಂದ ಕೆರೆಯದೆ ಬಿದಿರಿನ ಚಕ್ಕೆಯಿಂದ ತೆಗೆದರೆ ಪಿಸ್ಟನ್ನಿಗೆ ಗೀರು ಬೀಳುವುದಿಲ್ಲ.

ಟು ಸ್ಟ್ರೋಕ್ ಎಂಜಿನ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಫೋರ್ ಸ್ಟ್ರೋಕಿನಷ್ಟು ಶುದ್ಧವಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಉರಿದ ಅನಿಲ ಹೊರಹೋಗುವಾಗಲೇ ಹೊಸ ಮಿಶ್ರಣ ಒಳಬರುವುದರಿಂದ ಅದರಲ್ಲಿ ಒಂದು ಪಾಲು ಉರಿಯದೆಯೇ ಸೈಲೆನ್ಸರಿಗೆ ಜಾರುತ್ತದೆ. ಕಾನೂನು ಇದನ್ನು ತಿಳಿದೇ ಮಿತಿ ಹಾಕಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಂತೆ, 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 9000) ಮೀರಬಾರದು. ಅದರ ನಂತರದ ಟು ಸ್ಟ್ರೋಕ್ ವಾಹನಗಳಿಗೆ ಈ ಮಿತಿ ಶೇ 3.5 ಮತ್ತು 6000 ಪಿಪಿಎಂ. ಹೊಗೆ ತಪಾಸಣೆ ಕೇಂದ್ರದ ಪರೀಕ್ಷೆ ಅಳೆಯುವುದು ಈ ಎರಡು ಅನಿಲಗಳನ್ನು, ಅದೂ ಗಾಡಿ ನಿಂತಲ್ಲೇ ಎಂಜಿನ್ ಐಡಲ್‌ನಲ್ಲಿ ಇರುವಾಗ. ಕಣ್ಣಿಗೆ ಕಾಣುವ ಆಯಿಲ್ ಹೊಗೆಯನ್ನು ಅದು ನೇರವಾಗಿ ಅಳೆಯುವುದಿಲ್ಲ. ಆದರೆ ಮಿಸ್ ಹೊಡೆಯುವ ಎಂಜಿನ್ ಪ್ರತಿ ತಪ್ಪಿದ ಕಿಡಿಗೂ ಪೆಟ್ರೋಲನ್ನು ಹಸಿಯಾಗಿಯೇ ಹೊರಹಾಕುವುದರಿಂದ ಹೈಡ್ರೋಕಾರ್ಬನ್ ಅಂಕಿ ಏರುತ್ತದೆ. ಪರೀಕ್ಷಾ ಕೇಂದ್ರದವರು ಚೀಟಿಯ ಅಂಕಿಯನ್ನು ತೋರಿಸಿ, ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಕಾರ್ಬೊರೇಟರ್, ಏರ್ ಫಿಲ್ಟರ್ ನೋಡಿಸಿ, ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಪ್ಲಗ್, ಕಿಡಿ, ಆಯಿಲ್ ಅಳತೆ ನೋಡಿಸಿ ಎಂದು ಎರಡು ಮಾತು ಹೇಳಿದರೆ ಗಾಡಿಯವನಿಗೆ ಎಷ್ಟೋ ಉಪಕಾರವಾಗುತ್ತದೆ.

ತಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಐಟಿಐಗಳ ಬೋಧಕರಲ್ಲಿ ನನ್ನದೊಂದು ವಿನಂತಿ. ಶಿವಮೊಗ್ಗ, ಭದ್ರಾವತಿ, ಸಾಗರಗಳಲ್ಲಿ ಟು ಸ್ಟ್ರೋಕ್ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ. ಅವರನ್ನು ವರ್ಷಕ್ಕೆ ಎರಡು ದಿನವಾದರೂ ಕರೆಸಿ, ಗುಜರಿಗೆ ಹೋಗುವ ಒಂದು ಎಂಜಿನ್ನನ್ನು ಹುಡುಗರ ಕೈಯಿಂದ ಬಿಚ್ಚಿಸಿ ಜೋಡಿಸಬೇಕು. ನಮ್ಮ ತೋಟಗಳಲ್ಲಿ ಔಷಧಿ ಹೊಡೆಯುವ, ಕಳೆ ಕತ್ತರಿಸುವ ಎಷ್ಟೋ ಯಂತ್ರಗಳು ಇಂದಿಗೂ ಟು ಸ್ಟ್ರೋಕ್ ಆಗಿರುವುದರಿಂದ ಆ ವಿದ್ಯೆ ನಾಳೆಯೂ ಬೇಕಾಗುತ್ತದೆ. ಗ್ಯಾರೇಜಿನವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಹೊಗೆ ಬಿಡುವ ಸ್ಕೂಟರ್ ಬಂದರೆ ಹೆಡ್ ಬಿಚ್ಚುವ ಮುನ್ನ ಗೇರ್ ಆಯಿಲ್ಲನ್ನು ಗಾಡಿಯವನ ಎದುರಿಗೇ ಅಳತೆ ಲೋಟಕ್ಕೆ ಇಳಿಸಿ ತೋರಿಸಿ. ಅದಕ್ಕೆ ಹತ್ತು ನಿಮಿಷವೂ ಬೇಡ. ಸೀಲ್ ಬದಲಿಸಿದ ಮೂರು ತಿಂಗಳ ಮೇಲೆ ನಾನು ಮನೆಯಲ್ಲೇ ಹಾಗೆ ಅಳೆದೆ. ಹಾಕಿದ 250 ಮಿಲಿಯಲ್ಲಿ 240 ಸಿಕ್ಕಿತು, ಪ್ಲಗ್ ತಿಳಿಗಂದು ಬಣ್ಣಕ್ಕಿತ್ತು.

ಇಂತಿ ತಮ್ಮ ವಿಶ್ವಾಸಿ,
ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು